ಒರಳಿನೊಳಗಿನ ಬೆಳ್ಳಿ ಬಿಲ್ಲೆ

ಮುನಿರಾಬಾದ್
೧೧ ಏಪ್ರಿಲ್ ೧೯೯೯, ಭಾನುವಾರ

ಕುಷ್ಟಗಿಯ ಅತ್ತೆಯವರಿಗೆ ಸಾವಿರ ನಮಸ್ಕಾರ!

ಸಾವಿರ ಎಂದದ್ದು ಉತ್ಪ್ರೇಕ್ಷೆಯಲ್ಲ, ಅಷ್ಟು ಖುಷಿಯಾಗಿದ್ದೇನೆ. ಮದುವೆಯಾಗಿ ಇವತ್ತಿಗೆ ಐವತ್ತೆರಡು ದಿನ. “ದಿನಾ ಎಣಿಸೋದು ಯಾವಾಗ ಬಿಡ್ತಿ?” ಎಂದು ಇವರು ಕೇಳುತ್ತಾರೆ. ನೂರಾಗಲಿ, ಆಮೇಲೆ ನೋಡೋಣ ಎಂದಿದ್ದೇನೆ. ಇವರು ಎಂದರೆ ಯಂಕೇಶ್. ಸೊಸೆ ಗಂಡನ ಹೆಸರು ಬರೆದರೆ ನಿಮಗೆ ಸರಿ ಕಾಣುತ್ತದೋ ಇಲ್ಲವೋ ತಿಳಿಯದೆ ಒಂದೇ ಸಲ ಬರೆದು ನಿಲ್ಲಿಸಿದ್ದೇನೆ. ನಿಮ್ಮ ಮಗ ಟೆಲಿಫೋನ್ ಇಲಾಖೆಯಲ್ಲಿದ್ದೂ ನೀವು ಫೋನ್ ಮುಟ್ಟುವುದಿಲ್ಲ; ಬೂತಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ ಎನ್ನುತ್ತೀರಂತೆ. ಹಾಗಾಗಿ ಪತ್ರ. ಬಳ್ಳಾರಿಯ ಕಾನ್ವೆಂಟಿನಲ್ಲಿ ನನಗೆ ಕನ್ನಡ ವಾರಕ್ಕೆ ಮೂರೇ ಪಿರಿಯಡ್ ಇತ್ತು. ತಪ್ಪು ಕಂಡರೆ ನಗಬೇಡಿ. ಅಥವಾ ನಕ್ಕುಬಿಡಿ, ನಾನು ಅಲ್ಲಿಲ್ಲವಲ್ಲ!

ಈಗ ನಿಜವಾದ ಸುದ್ದಿ. ಇವರು ಒಂದು ಮಶೀನು ಮಾಡಿದ್ದಾರೆ. ನೆಲದಡಿ ಲೋಹವಿದ್ದರೆ ಕುಂಯ್ ಎನ್ನುತ್ತದೆ. ನೀವು ಮದುವೆಗೆ ಕೊಟ್ಟ ಹಿಟ್ಟಿನ ಜರಡಿಯ ಅಂಚಿಗೆ ತಾಮ್ರದ ತಂತಿ ಸುತ್ತಿ, ಬಿದಿರಿನ ಕೋಲಿಗೆ ಕಟ್ಟಿ, ಹಳೇ ಟೇಪ್ ರೆಕಾರ್ಡರಿನ ಹೆಡ್‌ಫೋನ್ ಸಿಕ್ಕಿಸಿದ್ದಾರೆ. ಜರಡಿ ಹೋಯಿತೆಂದು ಸಿಟ್ಟಾಗಬೇಡಿ. ಹಿಟ್ಟನ್ನು ನಾನು ಸೀರೆ ಸೆರಗಿನಲ್ಲಿ ಜರಡಿ ಹಿಡಿಯುತ್ತಿದ್ದೇನೆ.

ಡ್ಯಾಮಿನ ನೀರು ಇಳಿದಿದೆಯಲ್ಲ, ಹಿನ್ನೀರಿನಲ್ಲಿ ಮುಳುಗಿದ್ದ ನಿಮ್ಮ ತವರೂರು ಕಣವಿಹಾಳ ಪೂರ್ತಿ ಮೇಲೆ ಬಂದಿದೆ. ಗೋಡೆಗಳಿಲ್ಲ, ಬರೀ ಅಡಿಪಾಯ. ಯಾರೋ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳ ನಕ್ಷೆ ಬರೆದಿಟ್ಟ ಹಾಗೆ. ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಚಿನ್ನದ ಕೊಡ ಸಿಕ್ಕರೆ ತಹಶೀಲ್ದಾರರಿಗೆ ಒಪ್ಪಿಸಬೇಕಂತೆ. ಇಲ್ಲಿಯವರೆಗೆ ಅಂಥ ತೊಂದರೆ ಬಂದಿಲ್ಲ. ಮೊಳೆ, ಮೊಳೆ, ಮತ್ತೆ ಮೊಳೆ. ಆದರೆ ಮೂರು ವಸ್ತುಗಳು ಏನೆಂದು ನಮಗಿಬ್ಬರಿಗೂ ಗೊತ್ತಾಗುತ್ತಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಸಿಕ್ಕ ಜಾಗ ತಾರೀಖು ಚೀಟಿ ಬರೆದು ಇಟ್ಟಿದ್ದೇನೆ. ಒಂದೊಂದರ ಮೇಲೂ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಇದರೊಂದಿಗೆ ಕಳಿಸಿದ್ದೇನೆ.

ಒಂದು, ಅರ್ಧಚಂದ್ರ, ತೂತುಗಳಿವೆ. ದೇವರ ಕಿರೀಟದ ಚಂದ್ರ ಅಂತ ನನ್ನ ಊಹೆ. ಎರಡು, ಹಿತ್ತಾಳೆಯ ಪುಟಾಣಿ ಚಮಚ, ಎಷ್ಟು ಮುದ್ದಾಗಿದೆ ಎಂದರೆ ತೊಳೆದು ಉಪ್ಪಿನ ಡಬ್ಬಿಯಲ್ಲಿ ಹಾಕಿಕೊಂಡಿದ್ದೇನೆ. ಮೂರು, ಕಮಾನಿನ ಚಿತ್ರವಿರುವ ನಾಣ್ಯ. ಬೇಗ ಬರೆಯಿರಿ, ಕಾಯುವುದು ನನಗೆ ಬರುವುದಿಲ್ಲ.

ನಿಮ್ಮ ಮನೆಗೆ ಹೊಸಬಳಾದ
ಅಮೃತಾ


ಕುಷ್ಟಗಿ
೧೯-೪-೯೯

ಚಿ. ಸೌ. ಅಮೃತಾಳಿಗೆ ಪಂಪಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಇಲ್ಲಿ ಎಲ್ಲರೂ ಕ್ಷೇಮ. ಅರ್ಧಚಂದ್ರ ಎತ್ತಿನ ಕಾಲಿಗೆ ಹೊಡೆಯುವ ಲಾಳ. ನಾಣ್ಯ ನಿಜಾಮರ ಕಾಲದ್ದು, ನಾನು ಸಣ್ಣಾಕಿ ಇದ್ದಾಗ ಅದಕ್ಕೆ ಹಾಲಿ ಸಿಕ್ಕಾ ಎನ್ನುತ್ತಿದ್ದರು. ಚಮಚ ಕಿವಿಯ ಕೊಳೆ ತೆಗೆಯುವ ಕಡ್ಡಿ. ಉಪ್ಪು ಚೆಲ್ಲು, ಡಬ್ಬಿಯನ್ನೂ ತೊಳೆ.

ಊರೊಳಗೆ ಎಲ್ಲಿ ಬೇಕಾದರೂ ತಿರುಗಾಡಿ. ಹನುಮಪ್ಪನ ಗುಡಿಯ ಹಿಂದಿನ ಸಾಲಿಗೆ ಮಾತ್ರ ಹೋಗಬೇಡಿ. ಅಲ್ಲಿ ಹೂಳು ಬಹಳ, ಕಾಲು ಸಿಕ್ಕಿಬೀಳುತ್ತದೆ.

ಇಂತಿ, ಪಂಪಮ್ಮ

(ಪಂಪಮ್ಮನವರು ಹೇಳಿದಂತೆ ಬರೆದವನು ವಿರುಪಣ್ಣ, ನಿವೃತ್ತ ಹೆಡ್ ಮಾಸ್ತರ, ಪಕ್ಕದ ಮನೆ. ತಂಗೀ, ‘ಉತ್ಪ್ರೇಕ್ಷೆ’ ಸರಿಯಾಗಿ ಬರೆದಿದ್ದೀ, ಶಹಭಾಸ್. ಕಿವಿ ಕಡ್ಡಿಯ ವಿಷಯ ಓದಿ ನಿಮ್ಮ ಅತ್ತೆ ನಕ್ಕದ್ದು ನಮ್ಮ ಪಡಸಾಲೆಗೆ ಕೇಳಿಸಿತು.)


ಮುನಿರಾಬಾದ್
೨೮ ಏಪ್ರಿಲ್ ೧೯೯೯

ನಗುವ ಅತ್ತೆಯವರಿಗೆ,

ನೀವು ನಕ್ಕಿರಂತೆ! ಆ ಒಂದು ಸಾಲನ್ನು ಇವರಿಗೆ ಮೂರು ಸಲ ಓದಿ ಹೇಳಿದೆ. “ನಮ್ಮವ್ವ ನಕ್ಕಳಾ? ಮಾಸ್ತರು ಸುಳ್ಳು ಬರದಿರಬೇಕು” ಎಂದರು. ಆ ಉಪ್ಪಿನಲ್ಲಿ ಇವರು ಹದಿನೈದು ದಿನ ಉಂಡಿದ್ದಾರೆ, ಅದನ್ನು ಇನ್ನೂ ಹೇಳಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಗುಡಿಯ ಹಿಂದಿನ ಸಾಲಿಗೆ ಹೋದೆವು. ನೀವು ಬೇಡವೆಂದ ಮೇಲೆಯೇ ನನಗೆ ಹೋಗಬೇಕೆನಿಸಿದ್ದು, ತಪ್ಪು ಇವರದ್ದಲ್ಲ. ಹೂಳು ಎಲ್ಲಿದೆ ಅತ್ತೆ? ಪೂರ್ತಿ ಒಣಗಿ ಹಂಚಿನ ಹಾಗೆ ಬಿರಿದಿದೆ. ಮೂರನೆಯ ಮನೆಯಲ್ಲಿ, ಅಡುಗೆಮನೆ ಇದ್ದಿರಬೇಕಾದ ಮೂಲೆಯಲ್ಲಿ, ನೆಲದಲ್ಲಿ ಹೂತ ಕಲ್ಲಿಗೆ ಒಂದು ಗುಂಡನೆಯ ಕುಳಿ. ಒರಳು, ಇವರು ಒಳ್ಳು ಅಂದರು. ಜರಡಿಯನ್ನು ಅದರ ಮೇಲೆ ತಂದ ಕೂಡಲೇ ಮಶೀನು ಹಾಡತೊಡಗಿತು. ಕುಳಿಯ ತುಂಬ ಗಟ್ಟಿಯಾದ ಮಣ್ಣು, ಕೆಳಗೆ ಬೂದಿ. ಚಮಚದಿಂದ ಕೆರೆದೆ (ಅಡುಗೆ ಚಮಚ, ಇನ್ನೊಂದಲ್ಲ). ತಳದಲ್ಲಿ ಇದು ಸಿಕ್ಕಿತು!

ಬೆಳ್ಳಿಯ ಬಿಲ್ಲೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮೇಲೆ ಕಮಾನು, ಮುರಿದ ಕೊಂಡಿ. ಕಪ್ಪಾಗಿದೆ. ಅದರಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಉಬ್ಬು ಎಷ್ಟು ಸಣ್ಣದೆಂದರೆ ಕಣ್ಣಿಗಿಂತ ಪೆನ್ಸಿಲಿಗೇ ಚೆನ್ನಾಗಿ ಕಾಣುತ್ತದೆ. ಅಚ್ಚು ನೋಡಿ, ಮೂಗುತಿ ಕೂಡ ಬಂದಿದೆ! ಅಗಲ ಮುಖ, ಸ್ವಲ್ಪ ಮುನಿಸಿಕೊಂಡ ಹಾಗೆ. ಹುಲಿಗಿಯ ಅಮ್ಮನೇ ಎಂದು ಇವರು. ದೇವಿಯಾದರೆ ಕೈಯಲ್ಲಿ ಆಯುಧ ಬೇಡವೇ ಎಂದು ನಾನು. ಇವಳ ಕೈಯಲ್ಲಿ ಏನೂ ಇಲ್ಲ, ಸುಮ್ಮನೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಾಳೆ.

ಯಾರಿವಳು? ಯಾರ ಮನೆಯದು ಅದು?

ಉತ್ತರಕ್ಕೆ ಕುಣಿಯುತ್ತಿರುವ
ಅಮೃತಾ


ಮುನಿರಾಬಾದ್
೧೦ ಮೇ ೧೯೯೯

ಅತ್ತೆ,

ನನ್ನ ಪತ್ರ ಸಿಗಲಿಲ್ಲವೇ? ಹನ್ನೆರಡು ದಿನವಾಯಿತು. ಇಲ್ಲಿಂದ ಕುಷ್ಟಗಿಗೆ ಪತ್ರ ನಡೆದುಕೊಂಡು ಹೋದರೂ ಅಷ್ಟು ದಿನ ಹಿಡಿಯುವುದಿಲ್ಲ.

ನಿಮ್ಮನ್ನು ಕಾದು ಕಾದು ಕೊನೆಗೆ ಬಿಲ್ಲೆಯನ್ನು ಕೊಪ್ಪಳದ ಪತ್ತಾರರ ಬೆಳ್ಳಿ ಅಂಗಡಿಗೆ ಒಯ್ದೆ. ಹೊಸ ಕೊಂಡಿ ಬೆಸೆದು, ಹೊಳಪು ಹಾಕಿ ಕೊಡಿ ಎಂದೆ. ಅವರು ಬಿಲ್ಲೆ ನೋಡಿದರು, ನನ್ನನ್ನು ನೋಡಿದರು. “ಇದನ್ನ ನೀವ ಹಾಕ್ಕೊಳ್ಳಾವ್ರೇನ್ರಿ?” ಎಂದರು. ಮತ್ತೆ ಯಾರು ಎಂದೆ. “ಭಾಳ ತೆಳುವು ಐತ್ರಿ, ಗಾಲಿಗೆ ಹಿಡದ್ರ ಉಬ್ಬು ಹೋಗ್ತೈತಿ” ಎಂದರು. ಪರವಾಗಿಲ್ಲ, ಹೊಳೆಯಲಿ ಎಂದೆ. ಈಗ ಕನ್ನಡಿಯ ಹಾಗೆ ಹೊಳೆಯುತ್ತದೆ! ಕರಿಮಣಿ ಸರದಲ್ಲಿ ತಾಳಿಯ ಪಕ್ಕದಲ್ಲೇ ಪೋಣಿಸಿಕೊಂಡಿದ್ದೇನೆ. ಅಲ್ಲೇ ಸ್ಟುಡಿಯೋದಲ್ಲಿ ಇವರ ಜೊತೆ ಫೋಟೋ ತೆಗೆಸಿದೆ, ಇದರಲ್ಲಿದೆ. ಇವರು ಯಾಕೆ ಕಣ್ಣು ಮುಚ್ಚಿದ್ದಾರೆ ಎಂದು ಕೇಳಬೇಡಿ, ಮೂರು ಪ್ರತಿಯಲ್ಲೂ ಹಾಗೇ ಬಂದಿದೆ.

ಎಂಬತ್ತೊಂದನೆಯ ದಿನದ
ಅಮೃತಾ


ಕುಷ್ಟಗಿ
೧೭-೫-೯೯

ಚಿ. ಸೌ. ಅಮೃತಾಳಿಗೆ ಆಶೀರ್ವಾದಗಳು.

ಫೋಟೋ ಮುಟ್ಟಿತು. ಬಿಲ್ಲೆಯನ್ನು ಕೊರಳಿಂದ ತೆಗೆದಿಡು. ಕಾಗದ ಓದಿದ ಕೂಡಲೇ ತೆಗೆ. ಬಿಸಿಲು ಬಹಳ, ಆರೋಗ್ಯ ನೋಡಿಕೊಳ್ಳಿ.

ಇಂತಿ, ಪಂಪಮ್ಮ

(ಇಷ್ಟೇ ಹೇಳಿದರು. ಇನ್ನೇನಾದರೂ ಬರೆಯಲೇ ಎಂದು ಎರಡು ಸಲ ಕೇಳಿದೆ. ವಿರುಪಣ್ಣ.)


ಮುನಿರಾಬಾದ್
೨೩ ಮೇ ೧೯೯೯

ಅತ್ತೆಯವರಿಗೆ,

ಇವತ್ತು ಆಶ್ಚರ್ಯಸೂಚಕ ಚಿಹ್ನೆ ಹಾಕುವ ಮನಸ್ಸಿಲ್ಲ.

ನಿಮ್ಮ ಪತ್ರ ಬಂದ ದಿನವೇ ಎದುರುಮನೆಯ ಮಲ್ಲೇಶ್ವರಿಯವರು ಹಪ್ಪಳ ಒಣಗಿಸಲು ಬಂದಿದ್ದರು. ಅವರು ನಿಮ್ಮ ವಯಸ್ಸಿನವರು, ಸಿದ್ದಾಪುರದ ಕಡೆಯವರು, ನನ್ನನ್ನು ಮಗಳ ಹಾಗೆ ನೋಡುತ್ತಾರೆ. ನನ್ನ ಕೊರಳು ನೋಡುತ್ತ ನೋಡುತ್ತ, “ಹತ್ತು ದಿನದಿಂದ ಕೇಳಬೇಕಂತಿದ್ದೆ. ಮೊದಲನೇಕಿ ತೀರಿಕೊಂಡು ಎಷ್ಟ್ ವರ್ಷ ಆತವಾ?” ಎಂದರು.

“ಯಾವ ಮೊದಲನೇಕಿ?”

“ನಿನ್ನ ಗಂಡನ ಮೊದಲನೇ ಹೇಣ್ತಿ. ಆಕೀದ ಬಿಲ್ಲಿ ಅಲ್ಲೇನು ಇದು? ಎರಡನೇ ಸಂಬಂಧಕ್ಕ ಬಂದಾಕಿ ಹಾಕ್ಕೊಳ್ಳೂದು. ಹಬ್ಬದಾಗ ಆಕಿಗೆ ಮೊದಲ ಎಡಿ ಹಿಡಿದು ಆಮ್ಯಾಲೆ ನೀ ಉಣ್ಣಬೇಕು. ನಿಮ್ಮತ್ತಿ ಹೇಳಿಕೊಟ್ಟಿಲ್ಲ?”

ನಾನು ನಕ್ಕೆ. ಅವರು ನಗಲಿಲ್ಲ. ಬಾಯಿ ಮುಚ್ಚಿಕೊಂಡು, “ನಾ ಏನೂ ಅಂದಿಲ್ಲವಾ, ಮರತುಬಿಡು” ಎಂದು ಹಸಿ ಹಪ್ಪಳಗಳನ್ನು ಹಾಗೇ ಮಡಿಚಿಕೊಂಡು ಹೋದರು.

ಇವರನ್ನು ಕೇಳಿದೆ. ಮೊದಲು ನಕ್ಕರು. ಆ ನಗು ಬೇಕಾದದ್ದಕ್ಕಿಂತ ಸ್ವಲ್ಪ ಉದ್ದವಾಯಿತು ಎಂದು ನನಗನ್ನಿಸಿತು. ಒರಳಿನಲ್ಲಿ ಸಿಕ್ಕಿದ್ದು ನಿನ್ನ ಎದುರಿಗೇ ಅಲ್ಲವೇ ಎಂದರು. ಹೌದು. ಅದು ನನಗೂ ಗೊತ್ತು. ಆದರೆ ಮಶೀನನ್ನು ನೇರ ಆ ಒರಳಿನ ಮೇಲೇ ತಂದವರು ಯಾರು? ಇಟ್ಟವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಹಾಗೆಂದು ಕೇಳಿದ್ದಕ್ಕೆ ಸಿಟ್ಟಾದರು. “ನಿನ್ನ ತಲಿಯಾಗ ಏನೈತಿ?” ಎಂದರು. ನಿನ್ನೆ ಯಲಬುರ್ಗಾಕ್ಕೆ ಹೋದರು. ಹೊಸ ಎಕ್ಸ್‌ಚೇಂಜಿನ ಕೇಬಲ್ ಕೆಲಸ, ಒಂದೂವರೆ ತಿಂಗಳು. ಬಸ್ ಸ್ಟ್ಯಾಂಡಿಗೆ ನಾನು ಹೋಗಲಿಲ್ಲ.

ನನಗೆ ಒಂದೂ ಅರ್ಥವಾಗುತ್ತಿಲ್ಲ. ಗುಡಿಯ ಹಿಂದೆ ಹೋಗಬೇಡಿ ಎಂದು ನೀವು ಯಾಕೆ ಹೇಳಿದಿರಿ? ಅಲ್ಲಿ ಹೂಳೇ ಇರಲಿಲ್ಲ. ಕಿವಿ ಕಡ್ಡಿಗೆ ಪತ್ರ ಬರೆದವರು ಬಿಲ್ಲೆಗೆ ಯಾಕೆ ಬರೆಯಲಿಲ್ಲ? ಇವರಿಗೆ ಮೂವತ್ತೊಂದು ವರ್ಷ. ಅಷ್ಟು ವರ್ಷ ಯಾಕೆ ಮದುವೆಯಾಗಿರಲಿಲ್ಲ ಎಂದು ಬಳ್ಳಾರಿಯಲ್ಲಿ ಅಪ್ಪ ಕೇಳಿದಾಗ ‘ಒಳ್ಳೆ ಸಂಬಂಧ ಕೂಡಿ ಬರಲಿಲ್ಲ’ ಎಂದಿದ್ದಿರಿ. ನಿಮ್ಮ ದೇವರ ಕೋಣೆಯ ಟ್ರಂಕಿಗೆ ಯಾಕೆ ಎರಡು ಬೀಗ? ಒಂದು ಗಂಟೆ ಕುಳಿತು ಇವೆಲ್ಲವನ್ನೂ ಜೋಡಿಸಿದರೆ ಒಬ್ಬ ಹೆಂಗಸು ಆಗುತ್ತಾಳೆ. ಇನ್ನೊಂದು ಗಂಟೆ ಕುಳಿತರೆ ನಾನೇ ಹುಚ್ಚಿ ಅನ್ನಿಸುತ್ತದೆ.

ಹೌದು ಅಥವಾ ಇಲ್ಲ, ಇಷ್ಟೇ ಬರೆಯಿರಿ. ಇವರಿಗೆ ಮೊದಲು ಹೆಂಡತಿ ಇದ್ದಳೇ? ಜೂನ್ ಒಂದರೊಳಗೆ ಉತ್ತರ ಬಾರದಿದ್ದರೆ ನಾನು ಬಳ್ಳಾರಿಗೆ ಹೋಗುತ್ತೇನೆ. ಬಿಲ್ಲೆಯನ್ನು ತೆಗೆದಿಟ್ಟಿದ್ದೇನೆ. ತಾಳಿ ಒಂದೇ ಇದ್ದರೆ ಕೊರಳು ಖಾಲಿ ಎನಿಸುತ್ತದೆ, ಅದೂ ಯಾಕೆಂದು ಗೊತ್ತಿಲ್ಲ.

ಅಮೃತಾ


ಕುಷ್ಟಗಿ
೨೮-೫-೯೯

ಅಮೃತಾ,

ಇಲ್ಲ. ಯಂಕೇಶನಿಗೆ ನೀನೇ ಮೊದಲು, ನೀನೇ ಕೊನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಬರೆದೆ. ನನ್ನ ಮಗ ಇನ್ನೊಬ್ಬರ ತಲೆ ಕೆಡಿಸುವಷ್ಟು ಹುಷಾರಿ ಅಲ್ಲ, ಅದು ನಿನಗೂ ತಿಳಿದಿರಬೇಕು. ಟ್ರಂಕಿನ ಒಂದು ಬೀಗದ ಚಿಲಕ ಸಡಿಲಾಗಿ ಇಲಿ ಹೊಗುತ್ತಿತ್ತು, ಅದಕ್ಕೆ ಎರಡು.

ಇದು ನನ್ನ ಕೈಬರಹ. ವಿರುಪಣ್ಣ ಮಾಸ್ತರಿಗೆ ಹೇಳಿ ಬರೆಸುವ ಮಾತಲ್ಲ ಇದು. ಅವರ ಮುಂದೆ ಎರಡು ಸಲ ಕೂತೆ, ಎದ್ದು ಬಂದೆ. ನಾನು ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು. ನಾಲ್ಕು ದಿನದಿಂದ ಇದನ್ನು ಬರೆಯುತ್ತಿದ್ದೇನೆ.

ನೀವು ಬಿಲ್ಲೆ ತೆಗೆದದ್ದು ನಮ್ಮ ಮನೆಯ ಒರಳಿನಿಂದ. ಅದನ್ನು ಅಲ್ಲಿ ಹೂತವಳು ನಾನು.

ನಮ್ಮಪ್ಪನಿಗೆ ಇಬ್ಬರು. ಮೊದಲನೆಯವಳು ಹುಲಿಗೆಮ್ಮ, ಹೆರಿಗೆಯಲ್ಲಿ ಹೋದಳು. ಆಕೆಯ ಮಗಳು ಮುದಕಮ್ಮ ಆಗ ನಾಲ್ಕು ವರ್ಷದವಳು. ಆಮೇಲೆ ಬಂದವಳು ನಮ್ಮವ್ವ, ದ್ಯಾಮವ್ವ. ಮದುವೆಯ ದಿನವೇ ನಮ್ಮವ್ವನ ಕೊರಳಿಗೆ ಹುಲಿಗೆಮ್ಮನ ಬಿಲ್ಲೆ ಬಂತು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಹೋಳಿಗೆ ಮಾಡಿದರೆ ಮೊದಲು ಬಿಲ್ಲೆಗೆ. ಅದನ್ನೆಲ್ಲ ನಮ್ಮವ್ವ ಸಂತೋಷದಿಂದಲೇ ಮಾಡುತ್ತಿದ್ದಳು. ಆದರೆ ಸಾರಿಗೆ ಉಪ್ಪು ಕಡಿಮೆಯಾದರೂ ನಮ್ಮಪ್ಪ ಅವಳ ಮುಖ ನೋಡುತ್ತಿರಲಿಲ್ಲ, ಕೊರಳು ನೋಡುತ್ತಿದ್ದ. “ಆಕಿ ಇದ್ದಿದ್ರ ಹೀಂಗ ಆಗ್ತಿರಲಿಲ್ಲ” ಎನ್ನುತ್ತಿದ್ದ. ಮುದಕಮ್ಮಕ್ಕ ದಿನಾ ನಮ್ಮವ್ವನ ತೊಡೆಯ ಮೇಲೆ ಕೂತು ಆ ಬಿಲ್ಲೆಯನ್ನೇ ಹಿಡಿದುಕೊಂಡು “ಅವ್ವಾ” ಎನ್ನುತ್ತಿದ್ದಳಂತೆ. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಬಿಲ್ಲೆಯನ್ನು ಕಂಡರೆ ಆಗುತ್ತಿರಲಿಲ್ಲ.

ಊರು ಬಿಟ್ಟ ದಿನ ನನಗೆ ಹನ್ನೊಂದು ವರ್ಷ. ಬಂಡಿ ಹೇರಿದ್ದರು. ನಮ್ಮವ್ವ ಕೊನೆಯ ಸಲ ಬಚ್ಚಲಿಗೆ ಹೋಗಿ ನೀರು ಹಾಕಿಕೊಂಡಳು. ಬಿಲ್ಲೆ ಗೋಡೆಯ ಗೂಡಿನಲ್ಲಿತ್ತು. ಒರಳನ್ನು ಕಿತ್ತು ಒಯ್ಯುವಂತಿರಲಿಲ್ಲ, ಅದು ಅಲ್ಲೇ ಉಳಿಯುತ್ತದೆಂದು ನನಗೆ ಗೊತ್ತಿತ್ತು. ಅದರಲ್ಲಿ ಹಾಕಿ ಒಲೆಯ ಬೂದಿ ತುಂಬಿ ಮೇಲೆ ಹಸಿ ಮಣ್ಣು ಮೆತ್ತಿದೆ. ಈ ಹೆಂಗಸನ್ನು ಇಲ್ಲೇ ಬಿಟ್ಟು ಹೋಗೋಣ, ಹೊಸ ಊರಿನಲ್ಲಿ ಅವ್ವ ಒಬ್ಬಳೇ ಇರಲಿ ಎಂದು.

ಆ ವರ್ಷವೇ ಕನಕಗಿರಿಯಲ್ಲಿ ಮುದಕಮ್ಮಕ್ಕನ ಚೊಚ್ಚಲ ಕೂಸು ಹುಟ್ಟಿದ ಮೂರನೆಯ ದಿನಕ್ಕೆ ಹೋಯಿತು. ಅಕ್ಕ ಬಾಣಂತನದ ಮೈಯಲ್ಲೇ ನಮ್ಮ ಹೊಸ ಮನೆಗೆ ಬಂದು ಬಾಗಿಲಲ್ಲಿ ನಿಂತು, ಬಿಲ್ಲೆ ಇಲ್ಲದ ನಮ್ಮವ್ವನ ಕೊರಳು ನೋಡಿ, “ನಮ್ಮವ್ವನ್ನ ಹೊಳಿಗೆ ಹಾಕಿ ಬಂದಿ. ಅದಕ್ಕ ಆಕಿ ನನ್ನ ಕೂಸಿನ್ನ ಕರಕೊಂಡ್ಳು” ಎಂದಳು. ಒಳಗೆ ಬರಲಿಲ್ಲ, ನೀರು ಕುಡಿಯಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಬಂದಿಲ್ಲ. ನಮ್ಮವ್ವ ಸತ್ತಾಗಲೂ ಬರಲಿಲ್ಲ.

ನಮ್ಮವ್ವ ‘ನಾನಲ್ಲ’ ಎಂದು ಒಂದು ದಿನವೂ ಹೇಳಲಿಲ್ಲ. ಊರು ಬಿಟ್ಟ ದಿನ ಬಂಡಿ ಹತ್ತುವಾಗ ಆಕೆ ನನ್ನ ಕೈ ನೋಡಿದ್ದಳು. ಉಗುರಿನಲ್ಲಿ ಬೂದಿ ಇತ್ತು. ಸೆರಗಿನಿಂದ ಒರೆಸಿದಳು.

ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮ್ಮ ಮಾವನಿಗೂ. ನಿನ್ನ ಅಚ್ಚು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮೂಗುತಿ ಕೂಡ ಹಾಗೇ ಇದೆ. ಮುಂದೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಬಳ್ಳಾರಿಗೆ ಹೋಗಬೇಡ.

ಪಂಪಮ್ಮ


ಮುನಿರಾಬಾದ್
೪ ಜೂನ್ ೧೯೯೯

ನನ್ನ ಅತ್ತೆಗೆ,

ಹೋಗಿಲ್ಲ. ಚೀಲ ತುಂಬಿದ್ದೆ, ಬಿಚ್ಚಿದೆ. ಯಲಬುರ್ಗಾಕ್ಕೆ ಫೋನ್ ಮಾಡಿ ಇವರಲ್ಲಿ ಕ್ಷಮೆ ಕೇಳಿದೆ. ಮೊದಲ ಹೆಂಡತಿಯ ಹೆಸರೇನೆಂದು ತಮಗೂ ಹೇಳಬೇಕಂತೆ, ಸಹೋದ್ಯೋಗಿಗಳು ಕೇಳುತ್ತಿದ್ದಾರಂತೆ. ನಿಮ್ಮ ಪತ್ರದ ವಿಷಯ ಹೇಳಿಲ್ಲ. ಅದನ್ನು ನೀವು ಹೇಳಿದರೆ ಹೇಳಿ, ಇಲ್ಲದಿದ್ದರೆ ಇಲ್ಲ.

ಅತ್ತೆ, ಬಿಲ್ಲೆಯನ್ನು ಕನಕಗಿರಿಗೆ ಕೊಂಡೊಯ್ಯೋಣ, ನಾನೂ ಬರುತ್ತೇನೆ ಎಂದು ಬರೆಯಲು ಕುಳಿತೆ. ಡಬ್ಬಿಯಿಂದ ಅದನ್ನು ತೆಗೆದು ನೋಡಿದೆ. ಆಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ.

ಮುಖ ಇಲ್ಲ. ಪತ್ತಾರರು ಹೇಳಿದ್ದರು, ನಾನು ಹೊಳೆಯಲಿ ಎಂದೆ. ಮೈಯ ಗೆರೆ ಇದೆ, ಸೀರೆಯ ನೆರಿಗೆ ಸ್ವಲ್ಪ ಇದೆ. ಮುಖವಿದ್ದಲ್ಲಿ ನನ್ನ ಮುಖವೇ ಕಾಣುತ್ತದೆ. ನಲವತ್ತಾರು ವರ್ಷ ನೀರು, ಹೂಳು, ಬೂದಿ ಏನೂ ಮಾಡದ್ದನ್ನು ನಾನು ಒಂದು ಮಧ್ಯಾಹ್ನ, ಐಸ್‌ಕ್ರೀಮ್ ತಿನ್ನುತ್ತ ಮಾಡಿಸಿದೆ. ಬೈಯಿರಿ. ನೀವು ಬೈಯುವುದಿಲ್ಲವೆಂದು ಗೊತ್ತಿರುವುದರಿಂದ ಇನ್ನೂ ಕಷ್ಟವಾಗುತ್ತಿದೆ.

ಏಪ್ರಿಲ್ ೨೮ರ ಪತ್ರದ ಪೆನ್ಸಿಲ್ ಅಚ್ಚು ನಿಮ್ಮಲ್ಲಿ ಇದೆಯೇ? ದಯವಿಟ್ಟು ಎಸೆದಿಲ್ಲ ಎಂದು ಬರೆಯಿರಿ.

ನಿಮ್ಮ ಅಮೃತಾ


ಕುಷ್ಟಗಿ
೧೨-೬-೯೯

ಅಮೃತಾ,

ಎಸೆದಿಲ್ಲ. ಟ್ರಂಕಿನಲ್ಲಿದೆ, ಎರಡು ಬೀಗದೊಳಗೆ.

ಇದೇ ಇಪ್ಪತ್ತೆರಡು, ಮಂಗಳವಾರ, ಕನಕಗಿರಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಇರುತ್ತೇನೆ. ಬಿಲ್ಲೆ ತಾ. ನನಗೆ ಧೈರ್ಯ ಇಲ್ಲ. ಆದರೂ ಬರುತ್ತೇನೆ.

ಪಂಪಮ್ಮ


ಮುನಿರಾಬಾದ್
೨೪ ಜೂನ್ ೧೯೯೯

ಯಂಕೇಶ್,

ನಿಮ್ಮ ಅವ್ವ ಇಲ್ಲಿ ನಮ್ಮ ಮನೆಯಲ್ಲಿದ್ದಾರೆ. ಜರಡಿ ಮಶೀನನ್ನು ಅಟ್ಟಕ್ಕೆ ಹಾಕಿಸಿದ್ದಾರೆ. ಈಗ ಮಲಗಿದ್ದಾರೆ. ನಿಮಗೆ ಎಲ್ಲವನ್ನೂ ಬರೆಯಲು ಒಪ್ಪಿಗೆ ಕೊಟ್ಟು, ಅವರು ನನಗೆ ಬರೆದ ಪತ್ರವನ್ನು ಇದರೊಂದಿಗೆ ಇಡಲು ಹೇಳಿದ್ದಾರೆ. ಮೊದಲು ಅದನ್ನು ಓದಿ. ಆಮೇಲೆ ಇದನ್ನು.

ಓದಿದಿರಾ? ಮೊನ್ನೆ ನಾವಿಬ್ಬರೂ ಕನಕಗಿರಿಗೆ ಹೋಗಿದ್ದೆವು.

ಮುದಕಮ್ಮ ದೊಡ್ಡಮ್ಮ ಪಡಸಾಲೆಯಲ್ಲಿ ಕುಳಿತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ನಾವು ಬಾಗಿಲಲ್ಲಿ ನಿಂತೆವು. ತಲೆ ಎತ್ತಲಿಲ್ಲ.

“ಯಾರವಾ?”

“ನಾನಕ್ಕಾ. ಪಂಪಿ.”

ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದರು. “ಕಣವಿಹಾಳ ಪಂಪಿನೋ? ಆಕಿ ಸತ್ತಾಳಂತ ತಿಳದಿದ್ದೆ.”

“ಇಲ್ಲ, ಇನ್ನೂ ಅದೀನಿ.”

“ಇಕಿ ಯಾರು?”

“ಸೊಸಿ.”

“ಕಡ್ಡಿ ಆಗ್ಯಾಳಲ್ಲ, ಉಣ್ಣಾಕ ಹಾಕ್ತೀಯಿಲ್ಲೋ?”

ನಾನು ಹಲ್ಲು ಬಿಟ್ಟೆ. ಅದು ನಗುವ ಜಾಗವೋ ಅಲ್ಲವೋ ಗೊತ್ತಾಗಲಿಲ್ಲ. ಅತ್ತೆ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು, ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡು ಬಂದದ್ದನ್ನು ಹೇಳಿದರು.

“ಅಕ್ಕಾ, ಬಿಲ್ಲಿ ನಮ್ಮವ್ವ ಒಗೀಲಿಲ್ಲ. ನಾನು. ಒಳ್ಳಿನಾಗ ಹೂತಿಟ್ಟು ಬಂದೆ. ನಮ್ಮವ್ವಂದು ತಪ್ಪಿಲ್ಲ.”

ದೊಡ್ಡಮ್ಮನ ಕೈ ಈಗ ನಿಂತಿತು. ನಾನು ಬಾಗಿಲಿನಿಂದಲೇ ಬಗ್ಗಿ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟೆ. ಬಾಗಿಲ ಬೆಳಕಿಗೆ ಹಿಡಿದರು, ತಿರುಗಿಸಿದರು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

“ಮುಖ ಎಲ್ಲೈತಿ?”

ನಾನು ಹೇಳಿದೆ. ಅಂಗಡಿ, ಗಾಲಿ, ಹೊಳಪು, ಎಲ್ಲ. ಕನ್ನಡದಲ್ಲಿ ಶುರು ಮಾಡಿ ನಡುವೆ ಎಲ್ಲೋ ಇಂಗ್ಲಿಷಿಗೆ ಹೋಗಿಬಿಟ್ಟೆ. ಅವರು ಅತ್ತೆಯ ಕಡೆ ನೋಡಿ, “ಏನಂತಾಳ ಇಕಿ?” ಎಂದರು. “ತಾನ ಅಳಿಸೀನಿ ಅಂತಾಳ” ಎಂದರು ಅತ್ತೆ. ಆಮೇಲೆ ಕೈಚೀಲದಿಂದ ಆ ಕಾಗದ ತೆಗೆದರು. ನನ್ನ ಪೆನ್ಸಿಲ್ ಅಚ್ಚು. ಅದನ್ನು ಒಂದು ಹಳೆಯ ಕ್ಯಾಲೆಂಡರಿನ ರಟ್ಟಿಗೆ ಅನ್ನದ ಅಂಟಿನಿಂದ ಅಂಟಿಸಿ ಮಡಚದ ಹಾಗೆ ಮಾಡಿದ್ದರು.

ದೊಡ್ಡಮ್ಮ ಅದನ್ನು ನೋಡಿದರು. ಒಂದು ಮೇಕೆ ಒಳಗೆ ಬಂದು ಶೇಂಗಾ ತಿನ್ನತೊಡಗಿತು, ಯಾರೂ ಓಡಿಸಲಿಲ್ಲ.

“ಮೂಗುತಿ ಐತಿ” ಎಂದರು ಕೊನೆಗೆ. “ನಾ ಮರತೇಬಿಟ್ಟಿದ್ದೆ. ಮೂಗುತಿ ಇತ್ತು.”

ಆಮೇಲೆ ನಮ್ಮಿಬ್ಬರ ಕಡೆಗೂ ನೋಡದೆ, “ಚಿಗವ್ವ, ನಿಮ್ಮವ್ವ, ಸಾಯೂ ಮುಂದ ಹೇಳಿ ಕಳಿಸಿದ್ಲು. ಎರಡು ಸಲ. ನಾ ಹೋಗಲಿಲ್ಲ. ಆಕೀಗೆ ಒಂದ್ ಮಾತಾಡಾಕ ಬಿಟ್ಟಿದ್ರ ಆಗ್ತಿತ್ತು” ಎಂದರು. “ನೀ ಆವಾಗ ಯಾಕ ಬರಲಿಲ್ಲ? ಈಗ ಯಾಕ ಬಂದಿ?”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನನಗೆ ಅವರ ಕೈ ಹಿಡಿಯಬೇಕೆನಿಸಿತು, ಹಿಡಿದರೆ ಸರಿಯೋ ತಪ್ಪೋ ತಿಳಿಯದೆ ಚೀಲ ಹಿಡಿದುಕೊಂಡೆ.

ದೊಡ್ಡಮ್ಮ ಎದ್ದರು. ಕಾಗದವನ್ನು ದೇವರ ಗೂಡಿನಲ್ಲಿ ನಿಲ್ಲಿಸಿ ಬಂದರು. ಬೆಳ್ಳಿ ಬಿಲ್ಲೆಯನ್ನು ಹೊಸ್ತಿಲ ಒಳಗಿನಿಂದಲೇ ಅತ್ತೆಗೆ ಚಾಚಿದರು.

“ಇದನ್ನ ಒಯ್ಯಿ. ನಮ್ಮವ್ವ ಕಾಗದದಾಗ ಅದಾಳ. ಇದು ನಿಮ್ಮವ್ವಂದು. ಹದಿನೈದು ವರ್ಷ ಆಕಿ ಕೊರಳಾಗ ಇತ್ತು. ನಾ ಅದನ್ನ ಹಿಡಕೊಂಡು ಆಕಿ ತೊಡಿ ಮ್ಯಾಲ ಮಲಗತಿದ್ದೆ. ಆಕಿ ಮುಖ ಒಂದಿನಾ ನೋಡಲಿಲ್ಲ.”

ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಒಳಗೆ ಬಾ ಎಂದು ದೊಡ್ಡಮ್ಮ ಕರೆಯಲಿಲ್ಲ. ನನಗೆ ಮಾತ್ರ, “ಹೊಸಾ ಮದುಮಗಳು ಬರಿ ಉಡಿಲೆ ಹೋಗಬಾರದು, ಬಾ ಇಲ್ಲಿ” ಎಂದು ಒಳಗೆ ಕರೆದು, ಅಕ್ಕಿ ಸಿಗದೆ, ಸುಲಿದ ಶೇಂಗಾವನ್ನೇ ಬೊಗಸೆ ತುಂಬ ಸೆರಗಿಗೆ ಹಾಕಿದರು. “ಆಕಿಗೂ ನಾಲ್ಕು ಕೊಡು, ಬಸ್ಸಿನಾಗ ತಿಂತಾಳ” ಎಂದರು. ಇದು ಕ್ಷಮೆಯೇ? ನೀವು ಹೇಳಿ ಯಂಕೇಶ್, ಅವರು ನಿಮ್ಮ ಕಡೆಯವರು. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಗಂಗಾವತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಕಟ್ಟೆಯ ಮೇಲೆ ಕುಳಿತು ಶೇಂಗಾ ತಿಂದೆವು. ಅತ್ತೆ ಇದ್ದಕ್ಕಿದ್ದಂತೆ, “ಪೆನ್ಸಿಲ್ ಐತೇನು?” ಎಂದರು. ಕೊಟ್ಟೆ. ದ್ಯಾಮವ್ವನವರದ್ದು ಒಂದು ಫೋಟೋ ಕೂಡ ಎಲ್ಲೂ ಇಲ್ಲವಂತೆ, ಆಗಲೇ ಹೇಳಿದ್ದರು. ಬಸ್ ಟಿಕೆಟನ್ನು ತಿರುಗಿಸಿ ಬಿಲ್ಲೆಯ ಮೇಲೆ ಇಟ್ಟು, ನಾನು ಪತ್ರದಲ್ಲಿ ಬರೆದಿದ್ದ ಹಾಗೆಯೇ ಉಜ್ಜತೊಡಗಿದರು. ಪುಟ್ಟ ಹುಡುಗಿಯ ಹಾಗೆ ನಾಲಗೆ ಹೊರಗೆ ಹಾಕಿಕೊಂಡು. ಕಮಾನು ಬಂತು. ಇಳಿಬಿಟ್ಟ ಎರಡು ಕೈ ಬಂದವು. ಕೊರಳಿನ ಮೇಲೆ ಏನೂ ಬರಲಿಲ್ಲ, ಬರೀ ಬಿಳಿ.

ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

“ಛಲೋ ಬಂದೈತಿ” ಎಂದರು.

ಬೇಗ ಬನ್ನಿ. ದಿನ ಎಣಿಸುವುದನ್ನು ನಿಲ್ಲಿಸಿದ್ದೇನೆ.

ನಿಮ್ಮ
ಅಮೃತಾ